ಕೂರುವ ಕಟ್ಟೆ, ನಿಲ್ಲುವ ಕಟ್ಟೆ

ಪುಣೆಯ ಕನ್ನಡ ಮನೆಗಳಲ್ಲಿ ಅದಕ್ಕೆ ಓಟಾ ಎನ್ನುತ್ತಾರೆ. ಹೈದರಾಬಾದಿನಲ್ಲಿ ಗಟ್ಟು, ಚೆನ್ನೈಯಲ್ಲಿ ಮೇಡೈ, ದೆಹಲಿಯಲ್ಲಿ ಸ್ಲ್ಯಾಬ್. ಮುಂಬೈಯಲ್ಲಿ ಪ್ಲಾಟ್‌ಫಾರ್ಮ್ ಅಂದರೆ ಲೋಕಲ್ ರೈಲು ನಿಲ್ಲುವ ಜಾಗವೂ ಹೌದು, ಮನೆಯೊಳಗೆ ಗ್ಯಾಸ್ ಒಲೆ ಇಡುವ ಜಾಗವೂ ಹೌದು. ಕರ್ನಾಟಕದೊಳಗೆ ಬಹಳ ಮನೆಗಳಲ್ಲಿ ಅದು ಅಡುಗೆಕಟ್ಟೆ, ಅಥವಾ ಬರೀ ಕಟ್ಟೆ.

ಕಟ್ಟೆ ಎಂಬ ಮಾತಿಗೆ ಇಲ್ಲೊಂದು ತಿರುವು ಸಿಕ್ಕಿದೆ. ಕಟ್ಟು ಎಂಬ ಕ್ರಿಯಾಪದದಿಂದ ಬಂದ ಈ ಪದ ಕನ್ನಡದಲ್ಲಿ ಬಹುಕಾಲದಿಂದ ಕೂರುವ ಜಾಗವನ್ನು ಸೂಚಿಸುತ್ತ ಬಂದಿದೆ. ಅರಳಿಕಟ್ಟೆಯಲ್ಲಿ ಊರ ಹಿರಿಯರು ಕೂರುತ್ತಾರೆ, ಜಗಲಿಕಟ್ಟೆಯಲ್ಲಿ ಬಂದವರು ಕೂರುತ್ತಾರೆ, ಬಾವಿಕಟ್ಟೆಯ ಮೇಲೆ ಕೊಡ ಕೂರುತ್ತದೆ, ಕೊಡದ ಪಕ್ಕ ಹರಟೆಯೂ ಕೂರುತ್ತದೆ. ಮರಾಠಿಯ ಓಟಾ ಕೂಡ ಮೂಲದಲ್ಲಿ ಮನೆಯ ಮುಂದಿನ ಜಗಲಿಯೇ. ಆದರೆ ಅಡುಗೆಕಟ್ಟೆಯ ಮೇಲೆ ಯಾರೂ ಕೂರುವುದಿಲ್ಲ. ಏರಿ ಕೂತ ಮಕ್ಕಳಿಗೆ ಬೈಗುಳ ಬೀಳುತ್ತದೆ. ಕೂರುವ ಜಾಗದ ಹೆಸರು ನಿಲ್ಲುವ ಜಾಗಕ್ಕೆ ಹೀಗೆ ಅಂಟಿಕೊಂಡದ್ದು ಎರಡು ಮೂರು ತಲೆಮಾರಿನೊಳಗೆ. ಅಷ್ಟರಲ್ಲಿ ಅಡುಗೆಯ ಇಡೀ ಸಲಕರಣೆಯೇ ಬದಲಾಗಿ ಹೋಯಿತು. ಅದನ್ನು ಬಳಸುವವರ ಬೆನ್ನು, ಮಂಡಿ, ಭುಜಗಳ ಪಾಡೂ ಬದಲಾಯಿತು.

ಹಳೆಯ ಅಡುಗೆಮನೆಯಲ್ಲಿ ಕೆಲಸವೆಲ್ಲ ನೆಲದ ಮೇಲೆ. ಅಲ್ಲಿನ ಉಪಕರಣಗಳು ಕೂತ ಮೈಗೆಂದೇ ರೂಪುಗೊಂಡವು. ಈಳಿಗೆಮಣೆಯನ್ನೇ ನೋಡಬಹುದು. ಅದರಲ್ಲಿ ಕತ್ತಿ ಕದಲುವುದಿಲ್ಲ, ತರಕಾರಿ ಕದಲುತ್ತದೆ. ಮಣೆಯನ್ನು ಕಾಲು ಒತ್ತಿ ಹಿಡಿಯುವುದರಿಂದ ಎರಡು ಕೈಯೂ ಹಲಸಿನ ತೊಳೆಗೋ ತೆಂಗಿನಕಾಯಿ ಹೋಳಿಗೋ ಬಿಡುವಾಗಿರುತ್ತವೆ. ಒರಳಿನ ಗುಂಡು ತಿರುಗಿಸುವಾಗ ಬರೀ ತೋಳು ದುಡಿಯುವುದಿಲ್ಲ, ಸೊಂಟದಿಂದ ಮೇಲಿನ ಇಡೀ ಭಾರ ಮುಂದೆ ಹಿಂದೆ ತೂಗಿ ಕೆಲಸಕ್ಕೆ ಬರುತ್ತದೆ. ಕೋಡೊಲೆಯ ಮುಂದೆ ಮಣೆ ಹಾಕಿ ಕೂತವಳಿಗೆ ಪಾತ್ರೆಯ ಒಳಗು ಕಣ್ಣಿಗೆ ನೇರ ಕಾಣುತ್ತದೆ. ಇದೆಲ್ಲ ಸ್ವರ್ಗವಾಗಿತ್ತು ಎಂದು ಹೇಳುವುದು ಮಾತ್ರ ಸುಳ್ಳು. ಹೊಗೆ ಕಣ್ಣು ತಿನ್ನುತ್ತಿತ್ತು, ಸೆರಗಿಗೆ ಬೆಂಕಿ ತಾಗುತ್ತಿತ್ತು, ನೂರು ಸಲ ಕೂತು ಏಳುವುದರಲ್ಲಿ ಮಂಡಿ ಸವೆಯುತ್ತಿತ್ತು. ನೆಲದ ಅಡುಗೆಮನೆಯ ಬಗ್ಗೆ ಈಗ ಹರಿದಾಡುವ ಹಂಬಲದ ಬರಹಗಳನ್ನು ಬಹುಮಟ್ಟಿಗೆ ಅಲ್ಲಿ ದುಡಿಯದವರೇ ಬರೆದಿರುತ್ತಾರೆ.

ಅಡುಗೆಯನ್ನು ನೆಲದಿಂದ ಮೇಲೆತ್ತಿದ್ದಕ್ಕೆ ನಗರದ ಫ್ಯಾಷನ್ ಕಾರಣ ಎಂದು ಸುಲಭವಾಗಿ ಹೇಳಿಬಿಡಬಹುದು. ಅದಕ್ಕಿಂತ ಗಟ್ಟಿಯಾದ ಕಾರಣವೊಂದು ಸಿಲಿಂಡರಿನೊಳಗಿದೆ. 1955ರಲ್ಲಿ ಬರ್ಮಾ ಶೆಲ್ ಮುಂಬೈಯಲ್ಲಿ ಅಡುಗೆ ಅನಿಲ ಮಾರಲು ಶುರುಮಾಡಿತು. ಹತ್ತು ವರ್ಷದ ನಂತರ, 1965ರಲ್ಲಿ, ಇಂಡಿಯನ್ ಆಯಿಲ್‌ನ ಮೊದಲ ಇಂಡೇನ್ ಸಂಪರ್ಕ ಕೋಲ್ಕತ್ತದಲ್ಲಿ ಸಿಕ್ಕಿತು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ನೀರಿನ ಹಾಗೆ ಹರಡಿ ನಿಲ್ಲುತ್ತದೆ. ನೆಲದಲ್ಲೇ ಬೆಂಕಿಯೂ ಇದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಸಿಲಿಂಡರ್ ನೆಲದಲ್ಲಿ ನೆಟ್ಟಗೆ ನಿಲ್ಲಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು ಎಂಬುದು ಗ್ಯಾಸಿನೊಂದಿಗೇ ಬಂದ ಸೂಚನೆ. ಸಂಪರ್ಕ ಬೇಕೆಂದರೆ ಕಟ್ಟೆಯೂ ಬೇಕು. ಎರಡು ಗಿಡ್ಡ ಇಟ್ಟಿಗೆ ಗೋಡೆ, ಮೇಲೊಂದು ಕಲ್ಲುಹಾಸು, ಕೆಳಗೆ ಸಿಲಿಂಡರ್: ಭಾರತದ ಅಡುಗೆಕಟ್ಟೆಯ ಸರಳ ರೂಪ ಇದೇ. 2016ರಲ್ಲಿ ಉಜ್ವಲಾ ಯೋಜನೆ ಶುರುವಾಗಿ ಹಳ್ಳಿಯ ಮನೆಗಳಿಗೆ ಸಿಲಿಂಡರ್ ಬಂದಾಗಲೂ ಅದರ ಹಿಂದೆಯೇ ಬಂದದ್ದು ಇಂಥದೇ ಒಂದು ಕಲ್ಲು, ಇಲ್ಲವೇ ಒಂದು ಮೇಜು.

ಒಲೆ ಮೇಲೇರಿದ ಮೇಲೆ ಉಳಿದವು ಒಂದೊಂದಾಗಿ ಅದರ ಹಿಂದೆ ಏರಿದವು. ಈಳಿಗೆಮಣೆಯ ಜಾಗಕ್ಕೆ ಚಾಕು ಮತ್ತು ಹಲಗೆ ಬಂದವು. 1955ರಲ್ಲೇ ಕೊಯಮತ್ತೂರಿನ ಪಿ. ಸಭಾಪತಿ ಎಂಬವರು ವಿದ್ಯುತ್ ಒರಳನ್ನು ರೂಪಿಸಿದ್ದರು. ಆಗ ಅದು ನೆಲದ ಮೇಲೆ ನಿಲ್ಲುವ ಭಾರಿ ಯಂತ್ರ. ಮುಂದೆ ಅದು ಕುಗ್ಗಿ ಕಟ್ಟೆ ಏರಿದಾಗ ಸಿಕ್ಕ ಹೆಸರು ಟೇಬಲ್ ಟಾಪ್ ಗ್ರೈಂಡರ್. ಎಷ್ಟು ಚೆನ್ನಾಗಿ ರುಬ್ಬುತ್ತದೆ ಎಂಬುದಕ್ಕಿಂತ ಎಲ್ಲಿ ಕೂರುತ್ತದೆ ಎಂಬುದನ್ನೇ ಹೆಸರು ಮಾಡಿಕೊಂಡ ಯಂತ್ರ ಅದು. ಜನಕ್ಕೆ ಆಗ ಮುಖ್ಯವಾಗಿದ್ದದ್ದೂ ಅದೇ ಇರಬೇಕು.

ಕಟ್ಟೆ ಬಂತು ಸರಿ, ಅದರ ಎತ್ತರ ಎಷ್ಟಿರಬೇಕೆಂದು ಯಾರು ಹೇಳಿದರು?

ಈ ಪ್ರಶ್ನೆ ಮೊದಲು ಜೋರಾಗಿ ಕೇಳಿದ್ದು ಅಮೆರಿಕದಲ್ಲಿ, ಕೇಳಿದವರು ಹೆಂಗಸರು. 1869ರಲ್ಲಿ ಕ್ಯಾಥರೀನ್ ಬೀಚರ್, ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಜೊತೆ ಬರೆದ ಗೃಹನಿರ್ವಹಣೆಯ ಪುಸ್ತಕದಲ್ಲಿ ಕಿಟಕಿಯ ಕೆಳಗೆ ಒಂದೇ ಸಾಲಾಗಿ ಹರಿಯುವ ಕೆಲಸದ ಹಲಗೆಯನ್ನು ಚಿತ್ರಿಸಿದ್ದರು. ಅಲ್ಲಿಯವರೆಗೆ ಅಡುಗೆಮನೆ ಎಂದರೆ ನಡುವೆ ಒಂದು ದೊಡ್ಡ ಮೇಜು, ಮೂಲೆಗೊಂದು ಬೀರು. 1913ರಲ್ಲಿ ಕ್ರಿಸ್ಟೀನ್ ಫ್ರೆಡೆರಿಕ್ ಕಾರ್ಖಾನೆಗಳ ದಕ್ಷತೆಯ ಲೆಕ್ಕವನ್ನು ಅಡುಗೆಮನೆಗೆ ತಂದರು: ಒಂದು ಊಟಕ್ಕೆ ಎಷ್ಟು ಹೆಜ್ಜೆ, ಎಷ್ಟು ಸಲ ಬಗ್ಗುವುದು. ಕೆಲಸದ ಹಲಗೆ ಕೆಲಸ ಮಾಡುವವರ ಎತ್ತರಕ್ಕೆ ತಕ್ಕಂತಿರಬೇಕು ಎಂದು ಅವರು ಒತ್ತಿ ಹೇಳಿದರು. ಅವರ ಪುಸ್ತಕ 1920ರ ದಶಕದ ಆರಂಭದಲ್ಲಿ ಜರ್ಮನ್ ಭಾಷೆಗೆ ಅನುವಾದವಾಯಿತು, ಅನುವಾದಿಸಿದವರು ಇರೆನೆ ವಿಟ್ಟೆ. ಆ ಅನುವಾದವನ್ನು ಓದಿದವರಲ್ಲಿ ಆಸ್ಟ್ರಿಯಾದ ಒಬ್ಬ ತರುಣ ವಾಸ್ತುಶಿಲ್ಪಿಯೂ ಇದ್ದರು, ಮಾರ್ಗರೆಟೆ ಶ್ಯೂಟ್ಟೆ-ಲಿಹೊಟ್ಸ್ಕಿ.

ಮೊದಲ ಮಹಾಯುದ್ಧದ ನಂತರ ಫ್ರಾಂಕ್‌ಫರ್ಟ್ ನಗರ ಕಾರ್ಮಿಕರಿಗಾಗಿ ಸಾವಿರಾರು ಮನೆ ಕಟ್ಟುತ್ತಿತ್ತು. ಅದರ ಹೊಣೆ ಹೊತ್ತಿದ್ದ ಅರ್ನ್ಸ್ಟ್ ಮೇ ಅಡುಗೆಮನೆಯ ವಿನ್ಯಾಸವನ್ನು ಆಕೆಗೆ ಒಪ್ಪಿಸಿದರು. 1926ರಲ್ಲಿ ಆಕೆ ರೂಪಿಸಿದ್ದು ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಒಂದು ಪುಟ್ಟ ಕೋಣೆ. ಕೈ ಚಾಚಿದಲ್ಲಿ ಎಲ್ಲವೂ. ಸಕ್ಕರೆಯಂಥ ಸಾಮಾನಿಗೆ ಹಿಡಿಕೆಯಿದ್ದ ಅಲ್ಯೂಮಿನಿಯಂ ಡಬ್ಬಿಗಳು. ಕೆಲಸದ ಹಲಗೆಯಲ್ಲಿ ತರಕಾರಿ ಸಿಪ್ಪೆ ತಳ್ಳಲು ಒಂದು ಖಾನೆ. ಸುಮಾರು 10,000 ಮನೆಗಳಿಗೆ ಇದನ್ನು ಅಳವಡಿಸಲಾಯಿತು. ಇಂದಿನ ಮಾಡ್ಯುಲರ್ ಕಿಚನ್ನಿನ ವಂಶವೃಕ್ಷ ಬರೆದರೆ ಬೇರು ಇಲ್ಲಿಗೇ ಬರುತ್ತದೆ. 1970ರ ದಶಕದ ಸ್ತ್ರೀವಾದಿಗಳು ಇದನ್ನು ಕಟುವಾಗಿ ಟೀಕಿಸಿದರು. ಒಬ್ಬರೇ ನಿಲ್ಲಬಹುದಾದ ಕೋಣೆ ಕಟ್ಟಿ ಹೆಂಗಸನ್ನು ಅದರಲ್ಲಿ ಒಂಟಿಯಾಗಿಸಿದಿರಿ ಎಂಬುದು ಅವರ ಆಕ್ಷೇಪ, ಅದರಲ್ಲಿ ಹುರುಳಿತ್ತು.

ಆದರೆ ಆ ಅಡುಗೆಮನೆಯ ಚಿತ್ರಗಳಲ್ಲಿ ಸುಲಭವಾಗಿ ಕಣ್ಣು ತಪ್ಪಿಸಿಕೊಳ್ಳುವ ವಸ್ತುವೊಂದಿದೆ: ಕಿಟಕಿಯ ಕೆಳಗಿನ ಹಲಗೆಯ ಮುಂದೆ ಒಂದು ತಿರುಗುವ ಸ್ಟೂಲ್. ಹೆಚ್ಚುವ, ಸುಲಿಯುವ ಕೆಲಸವನ್ನು ಕೂತೇ ಮಾಡಲಿ ಎಂದು ಆಕೆ ಅದನ್ನು ಇಟ್ಟದ್ದು. ಆಧುನಿಕ ಅಡುಗೆಮನೆ ಎಂದರೆ ನಿಂತೇ ಇರುವುದು ಎಂದು ಅದರ ತಾಯಿ ಎಂದೂ ಹೇಳಿರಲಿಲ್ಲ. ಮಾದರಿ ದೇಶದಿಂದ ದೇಶಕ್ಕೆ ಹೋಗುವಾಗ ಬೀರು ಹೋಯಿತು, ಡಬ್ಬಿ ಹೋಯಿತು, ಸ್ಟೂಲ್ ಹಿಂದೆ ಉಳಿಯಿತು.

ಎತ್ತರದ ಪಾಡೂ ಹೀಗೇ. 1929ರ ಸುಮಾರಿಗೆ ಬ್ರೂಕ್ಲಿನ್ನಿನ ಒಂದು ಗ್ಯಾಸ್ ಕಂಪನಿಗಾಗಿ ಮಾದರಿ ಅಡುಗೆಮನೆ ಮಾಡಿಕೊಟ್ಟ ಎಂಜಿನಿಯರ್ ಲಿಲಿಯನ್ ಗಿಲ್ಬ್ರೆತ್ ಕೂಡ ಕಟ್ಟೆಯ ಎತ್ತರ ಬಳಸುವವರಿಗೆ ಹೊಂದಬೇಕೆಂದೇ ವಾದಿಸಿದ್ದರು. ಆದರೆ ಬೀರುಗಳು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗತೊಡಗಿದ ಮೇಲೆ ಪ್ರತಿ ಹೆಂಗಸಿಗೆ ಒಂದು ಎತ್ತರ ಎಂಬುದು ಉಳಿಯಲಿಲ್ಲ. 20ನೇ ಶತಮಾನದ ನಡುಭಾಗಕ್ಕೆ ಅಮೆರಿಕದ ಕಟ್ಟೆ 36 ಇಂಚಿಗೆ ನಿಂತುಬಿಟ್ಟಿತು. ಒಲೆ, ಪಾತ್ರೆ ತೊಳೆಯುವ ಯಂತ್ರ ಎಲ್ಲವೂ ಆ ಅಂಕಿಗೇ ಹೊಂದಿಕೊಂಡವು. ಈಗ ಅದನ್ನು ಅಲುಗಿಸುವುದು ಕಷ್ಟ.

ನಮ್ಮ ಕಡೆ ಬಹುಕಾಲ ಈ ಅಂಕಿಯನ್ನು ನಿರ್ಧರಿಸಿದ್ದು ಮೇಸ್ತ್ರಿ. ಎರಡೂವರೆ ಅಡಿಯಿಂದ ಎರಡೂಮುಕ್ಕಾಲು ಅಡಿ, ಅವನ ಅಂದಾಜು. ಕಟ್ಟೆಯ ಮುಂದೆ ದಿನಕ್ಕೆ ನಾಲ್ಕು ತಾಸು ನಿಲ್ಲುವವರನ್ನು ಕರೆದು ಮೊಣಕೈ ಅಳೆದ ಮೇಸ್ತ್ರಿಗಳು ಎಷ್ಟಿದ್ದರೋ! ಲೆಕ್ಕವೇನೂ ಕಷ್ಟದ್ದಲ್ಲ. ನಿಂತಾಗ ಮೊಣಕೈ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಕೆಲಸದ ಮಟ್ಟ ಇರಬೇಕು. ಐದಡಿ ಎತ್ತರದ ಹೆಂಗಸಿನ ಮೊಣಕೈ ನೆಲದಿಂದ ಸುಮಾರು 95 ಸೆಂಟಿಮೀಟರ್ ಮೇಲಿರುತ್ತದೆ. ಅಂದರೆ ಆಕೆಗೆ ಬೇಕಾದದ್ದು 80ರಿಂದ 85 ಸೆಂಟಿಮೀಟರ್, ಸುಮಾರು 32 ಅಥವಾ 33 ಇಂಚು. ಮೇಸ್ತ್ರಿಯ ಅಂದಾಜು ಇದರ ಆಸುಪಾಸಿನಲ್ಲೇ ಇತ್ತು ಎಂಬುದು ಅವನ ಹೆಚ್ಚುಗಾರಿಕೆ. 36 ಇಂಚಿನ ಕಟ್ಟೆಯ ಮುಂದೆ ನಿಂತರೆ ಆಕೆ ಚಪಾತಿ ಹಿಟ್ಟು ನಾದುವುದೂ ಲಟ್ಟಿಸುವುದೂ ಭುಜ ಎತ್ತಿಕೊಂಡೇ.

ಅದಕ್ಕೂ ಮುಂದೆ ಒಂದು ತೊಡಕಿದೆ. ನಮ್ಮ ಗ್ಯಾಸ್ ಒಲೆ ಬಹುಮಟ್ಟಿಗೆ ಕಟ್ಟೆಯೊಳಗೆ ಹುದುಗಿರುವುದಿಲ್ಲ, ಕಟ್ಟೆಯ ಮೇಲೆ ಕಾಲೂರಿ ನಿಂತಿರುತ್ತದೆ. ಅದರ ಎತ್ತರ ಒಂದು ನಾಲ್ಕು ಇಂಚು, ಅದರ ಮೇಲೆ ಕುಕ್ಕರ್ ಅಥವಾ ಸಾರಿನ ಪಾತ್ರೆ. ಸೌಟು ಆಡಿಸುವ ಕೈ ಎದೆಮಟ್ಟಕ್ಕೆ ಏರುತ್ತದೆ. ಸಿಂಕಿನಲ್ಲಿ ಇದರ ತಲೆಕೆಳಗು. ಕಟ್ಟೆ ಸರಿಯಾದ ಎತ್ತರದಲ್ಲಿದ್ದರೂ ಪಾತ್ರೆ ತೊಳೆಯುವುದು ಅದರ ಏಳೆಂಟು ಇಂಚು ಕೆಳಗೆ, ಹಾಗಾಗಿ ಬೆನ್ನು ಬಾಗುತ್ತದೆ. ನಿಜಕ್ಕೂ ಒಲೆಯ ಭಾಗ ತಗ್ಗಿರಬೇಕು, ಸಿಂಕಿನ ಭಾಗ ಎತ್ತರವಿರಬೇಕು. ಉದ್ದಕ್ಕೂ ಒಂದೇ ಮಟ್ಟದಲ್ಲಿ ಹರಿಯುವ ಕಲ್ಲು ಚಿತ್ರದಲ್ಲಿ ಚೆಂದ. ಮನೆ ಕಟ್ಟಿಸುವವರು ಮೆಟ್ಟಿಲಾಗಿ ಇಳಿಯುವ ಕಟ್ಟೆ ಕೇಳಿದರೆ ಗುತ್ತಿಗೆದಾರ ಮುಖ ಸಿಂಡರಿಸುತ್ತಾನೆ, ಆದರೆ ಕಟ್ಟಿಕೊಡಲು ಅವನಿಗೆ ಬರುತ್ತದೆ.

ಇನ್ನು ಕಲ್ಲು. ಗ್ಯಾಸ್ ಒಲೆಯ ಕೆಳಗೆ ಮೊದಲು ಬಂದು ಮಲಗಿದ ಕಲ್ಲುಗಳಲ್ಲಿ ಕಡಪಾಕ್ಕೆ ದೊಡ್ಡ ಪಾಲು. ಆಂಧ್ರದ ಕಡಪಾ, ಕರ್ನೂಲು ಸೀಮೆಯಲ್ಲಿ ಸಿಗುವ ಈ ಕಪ್ಪು ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ. ಹಾರೆ, ಉಳಿ ಇದ್ದರೆ ಸಾಕು, ಹಲಗೆಯಂತೆ ಬಿಡಿಸಬಹುದು. ದೊಡ್ಡ ಗರಗಸದ ಯಂತ್ರಗಳಿಲ್ಲದ ಕಾಲದಲ್ಲಿ ಅಗ್ಗದ ಚಪ್ಪಡಿ ಬೇಕಾದರೆ ಇಂಥ ಪದರಗಲ್ಲೇ ಬೇಕಿತ್ತು. ಮಹಾರಾಷ್ಟ್ರದಲ್ಲಿ ಅದು ಎಷ್ಟು ಹಬ್ಬಿತೆಂದರೆ ಅಲ್ಲಿ ಕಡಪ್ಪಾ ಎಂಬುದು ಊರ ಹೆಸರಾಗಿ ಉಳಿದೇ ಇಲ್ಲ, ಕಲ್ಲಿನ ಹೆಸರು. ತೆಲುಗಿನಲ್ಲಿ ಗಡಪ ಎಂದರೆ ಹೊಸ್ತಿಲು. ತಿರುಮಲೆಯ ಹೊಸ್ತಿಲು ಎಂಬ ಅರ್ಥದಲ್ಲಿ ಊರಿಗೆ ಬಂದ ಹೆಸರದು ಎನ್ನುತ್ತಾರೆ. ಇಂಗ್ಲಿಷರು ಅದನ್ನು ಕುಡ್ಡಾಪಾ ಎಂದು ಬರೆದಿದ್ದರು, 2005ರಲ್ಲಿ ಸರ್ಕಾರ ಕಾಗುಣಿತ ತಿದ್ದಿತು. ಅಷ್ಟರಲ್ಲಿ ಹೊಸ್ತಿಲು ಮುಂಬೈ ಪುಣೆಯ ಅಡುಗೆಮನೆಯೊಳಗೆ ಬಂದು ಬಹಳ ವರ್ಷವಾಗಿತ್ತು.

ಕಲಬುರಗಿ ಸೀಮೆಯ ಶಹಾಬಾದ್ ಕಲ್ಲಿನದೂ ಇದೇ ಜಾತಿ: ಬೂದು ಬಣ್ಣದ ಸುಣ್ಣಕಲ್ಲು, ಪದರದ್ದೇ. 1871ರ ಹೊತ್ತಿಗೆ ಮುಂಬೈಯಿಂದ ರಾಯಚೂರಿಗೆ ರೈಲು ಹಳಿ ಬಿತ್ತು, ಆ ಹಳಿಯ ಮೇಲೇ ಶಹಾಬಾದ್ ಇದೆ. ಕಲ್ಲು ರೈಲು ಹತ್ತಿತು. ಮುಂಬೈ, ಪುಣೆಯ ಹಳೆಯ ಮನೆಗಳಲ್ಲಿ ಶಹಾಬಾದಿ ಫರಶಿ ಎಂದರೆ ಎಲ್ಲರಿಗೂ ಗೊತ್ತು. ಅದು ಕನ್ನಡನಾಡಿನ ಕಲ್ಲು ಎಂಬುದು ಅಲ್ಲಿನ ಕನ್ನಡಿಗರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಸುಣ್ಣಕಲ್ಲಿಗೆ ಒಂದು ದೌರ್ಬಲ್ಯ, ಹುಳಿ. ನಿಂಬೆರಸ, ಹುಣಸೆಹಣ್ಣು, ಮಜ್ಜಿಗೆ ಚೆಲ್ಲಿದಲ್ಲಿ ಮೇಲ್ಮೈ ಕರಗಿ ಮಂಕಾಗುತ್ತದೆ. ದಕ್ಷಿಣದ ಅಡುಗೆಮನೆಯಲ್ಲಿ ಹುಳಿಯಿಲ್ಲದ ದಿನವಿಲ್ಲ. ಕಡಪಾ ಕಟ್ಟೆಗೆ ಆಗಾಗ ಎಣ್ಣೆ ಒರೆಸಿ ಕಪ್ಪು ಉಳಿಸಿಕೊಳ್ಳುತ್ತಿದ್ದದ್ದು ಇದಕ್ಕೇ. ಗ್ರಾನೈಟಿಗೆ ಈ ತೊಂದರೆಯಿಲ್ಲ. ಆದರೆ ಗ್ರಾನೈಟು ಪದರವಾಗಿ ಏಳುವ ಕಲ್ಲಲ್ಲ, ಬಂಡೆಯನ್ನು ಗರಗಸದಿಂದಲೇ ಸೀಳಬೇಕು. 1980, 90ರ ದಶಕಗಳಲ್ಲಿ ರಫ್ತಿಗೆಂದು ದೊಡ್ಡ ಯಂತ್ರಗಳು ಬಂದಮೇಲೆ ಬೆಂಗಳೂರಿನ ಪಕ್ಕದ ಜಿಗಣಿ ಕಲ್ಲು ಕೊಯ್ಯುವ ಊರಾಯಿತು. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಕನಕಪುರದ ಬಹುವರ್ಣ ಅಂಗಡಿಗೆ ಬಂದವು. ಅಂಗಡಿಯವರು ಕಪ್ಪು ಗ್ರಾನೈಟ್ ಎನ್ನುವ ಚಾಮರಾಜನಗರದ ಕಲ್ಲು ಭೂವಿಜ್ಞಾನಿಗಳ ಪ್ರಕಾರ ಗ್ರಾನೈಟೇ ಅಲ್ಲ, ಡಾಲರೈಟ್. ಕಟ್ಟೆಗೆ ಅದೇ ಎಲ್ಲಕ್ಕಿಂತ ವಾಸಿ ಎಂಬುದು ಬೇರೆ ಮಾತು: ಕಲೆ ಹಿಡಿಯದು, ಸುಲಭಕ್ಕೆ ಒಡೆಯದು.

ಅಡುಗೆಮನೆಯ ಕಲ್ಲಿಗಿಂತ ಹಳೆಯದು ಹಿತ್ತಲಿನ ಒಗೆಯುವ ಕಲ್ಲು. ಇಳಿಜಾರಾಗಿ ನೆಟ್ಟ ಒಂದು ಚಪ್ಪಡಿ, ಬಾವಿಯ ಅಥವಾ ತೊಟ್ಟಿಯ ಪಕ್ಕ. ನೆಲದ ಅಡುಗೆಯ ಕಾಲದಲ್ಲೂ ಮನೆಯವರು ನಿಂತು ಕೆಲಸ ಮಾಡುತ್ತಿದ್ದ ಕಲ್ಲು ಇದು. ಅದರ ಇಳಿಜಾರಿಗೆ ಅರ್ಥವಿತ್ತು, ನೀರು ಒಗೆಯುವವರ ಕಡೆಗೆ ಬಾರದೆ ಆಚೆ ಹರಿಯಬೇಕು. ನಗರದ ಮನೆಯಲ್ಲಿ ಹಿತ್ತಲು ಕುಗ್ಗಿ ಮುಂಬೈ ಚಾಳಿನ ಮೋರಿಯಾಯಿತು, ಪುಣೆಯ ಡ್ರೈ ಬಾಲ್ಕನಿಯಾಯಿತು, ಬೆಂಗಳೂರಿನ ಯುಟಿಲಿಟಿಯಾಯಿತು. ಒಗೆಯುವ ಕಲ್ಲು ಹೋಗಿ ಅಲ್ಲಿ ಯಂತ್ರ ನಿಂತಿತು. ಈಗ ಅಲ್ಲಿನ ಕಟ್ಟೆಯ ಎತ್ತರವನ್ನು ಮೊಣಕೈ ನಿರ್ಧರಿಸುವುದಿಲ್ಲ, ಯಂತ್ರ ನಿರ್ಧರಿಸುತ್ತದೆ. ಮುಂದಿನಿಂದ ಬಾಗಿಲು ತೆರೆಯುವ ಯಂತ್ರ ಸಾಮಾನ್ಯವಾಗಿ 85 ಸೆಂಟಿಮೀಟರ್ ಎತ್ತರ, ಅದರ ಮೇಲೆ ಎರಡು ಮೂರು ಸೆಂಟಿಮೀಟರ್ ಬಿಡುವು, ಆಮೇಲೆ ಕಲ್ಲಿನ ದಪ್ಪ. ಒಟ್ಟು 90 ಆಗಿಯೇ ಆಗುತ್ತದೆ. ಬಟ್ಟೆ ಮಡಿಚಲು ಅಷ್ಟು ಎತ್ತರ ತಡೆದುಕೊಳ್ಳಬಹುದು. 20 ಮಿಲಿಮೀಟರ್ ದಪ್ಪದ ಗ್ರಾನೈಟು ಚದರಡಿಗೆ ಸುಮಾರು ಐದು ಕೆಜಿ ತೂಗುತ್ತದೆ, ಆದ್ದರಿಂದ ಅದು ಗೋಡೆಯ ಮೇಲೆ ನಿಲ್ಲಬೇಕೇ ಹೊರತು ನಡುಗುವ ಯಂತ್ರದ ಮೇಲಲ್ಲ. ಮೇಲಿನಿಂದ ಮುಚ್ಚಳ ತೆರೆಯುವ ಯಂತ್ರವಾದರೆ ಮೇಲೆ ಕಟ್ಟೆಯೇ ಸಲ್ಲದು. ಕಲ್ಲು ಹಾಕಿಸಿದ ಮೇಲೆ ಯಂತ್ರ ಕೊಳ್ಳುವ ಮನೆಗಳಲ್ಲಿ ಇದು ತಡವಾಗಿ ತಿಳಿಯುತ್ತದೆ.

ಕಟ್ಟೆಯ ಇತ್ತೀಚಿನ ಅಧ್ಯಾಯ ಇಟಲಿಯದು. ಅಲ್ಲಿನ ಮಾರ್ಚೆಲ್ಲೊ ತೊಂಚೆಲ್ಲಿ 1963ರಲ್ಲಿ ಶುರುಮಾಡಿದ ಕಂಪನಿ, ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿ ಚಪ್ಪಡಿ ಮಾಡುವ ವಿಧಾನವನ್ನು ಬೆಳೆಸಿತು. ಅಂಗಡಿಯಲ್ಲಿ ಈಗ ಕ್ವಾರ್ಟ್ಸ್ ಎಂದು ಮಾರುವುದು ಇದನ್ನೇ. ಕಲೆ ಹಿಡಿಯುವುದಿಲ್ಲ, ಬಣ್ಣ ಎಲ್ಲ ಕಡೆ ಒಂದೇ, ಬಿಳಿ ಬೇಕೆಂದರೆ ಬೆಣ್ಣೆಯಂಥ ಬಿಳಿ. ಬಿಸಿ ಕುಕ್ಕರ್ ಇಟ್ಟರೆ ರಾಳ ಸುಟ್ಟು ಕಲೆಯಾಗುತ್ತದೆ ಎಂಬುದನ್ನು ಮಾರುವವರು ಸ್ವಲ್ಪ ಮೆಲುದನಿಯಲ್ಲಿ ಹೇಳುತ್ತಾರೆ.

ಇನ್ನಷ್ಟು ಮೆಲುದನಿಯ ಸಂಗತಿ ಬೇರೆಯಿದೆ. ಈ ಚಪ್ಪಡಿಯಲ್ಲಿ ಸ್ಫಟಿಕ ಸಿಲಿಕಾದ ಪಾಲು 90 ಶೇಕಡಾ ದಾಟಬಹುದು. ಗ್ರಾನೈಟಿನಲ್ಲಿ ಅದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ, ಡಾಲರೈಟಿನಲ್ಲಿ ಬಹಳ ಕಡಿಮೆ. ಒಣಗಿದ ಕಲ್ಲನ್ನು ಕಟ್ಟರಿನಿಂದ ಕೊಯ್ದಾಗ ಏಳುವ ನುಣ್ಣನೆಯ ದೂಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲೇ ಉಳಿಯುತ್ತದೆ, ಸುತ್ತ ಗಾಯದ ಗಂಟು ಕಟ್ಟುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧಿ ಇಲ್ಲ. ಕನ್ನಡನಾಡಿಗೆ ಇದು ಹೊಸದಲ್ಲ. ಭಾರತದಲ್ಲಿ ಈ ರೋಗ ಮೊದಲು ದಾಖಲಾದದ್ದೇ 1930ರ ದಶಕದಲ್ಲಿ, ಕೋಲಾರದ ಚಿನ್ನದ ಗಣಿಗಳಲ್ಲಿ. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೂ ಅದರ ಹೆಸರಿತ್ತು. ಗಣಿಗಾರರ ರೋಗ ಎಂದುಕೊಂಡಿದ್ದದ್ದು ಅಡುಗೆಕಟ್ಟೆಯ ದಾರಿಯಲ್ಲಿ ಮತ್ತೆ ಬಂತು. ಇಸ್ರೇಲಿನ ವೈದ್ಯರು 2012ರಲ್ಲಿ ಕೃತಕ ಕಲ್ಲು ಕೊಯ್ಯುತ್ತಿದ್ದ 25 ರೋಗಿಗಳ ವರದಿ ಪ್ರಕಟಿಸಿದರು. ಆಸ್ಟ್ರೇಲಿಯಾದಲ್ಲಿ 2018ಕ್ಕೂ ಮೊದಲಿನಿಂದ ಈ ಕೆಲಸದಲ್ಲಿದ್ದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ದೂಳಿನ ರೋಗ ತಗುಲಿದೆ ಎಂದು ಸರ್ಕಾರಿ ಕಾರ್ಯಪಡೆ ಹೇಳಿತು. 2024ರ ಜುಲೈ 1ರಿಂದ ಆ ದೇಶ ಈ ಕಲ್ಲನ್ನೇ ನಿಷೇಧಿಸಿತು.

ಭಾರತದಲ್ಲಿ ನಿಷೇಧವಿಲ್ಲ, ಚಪ್ಪಡಿ ಇಲ್ಲೇ ತಯಾರಾಗಿ ಹೊರದೇಶಕ್ಕೂ ಹೋಗುತ್ತದೆ. ರೋಗ ಬರುವುದು ಕಟ್ಟೆಯ ಮುಂದೆ ನಿಲ್ಲುವವರಿಗಲ್ಲ, ಹಾಕಿಸಿದ ಕಲ್ಲು ಯಾರಿಗೂ ಏನೂ ಮಾಡುವುದಿಲ್ಲ. ರೋಗ ಬರುವುದು ಅದನ್ನು ಕೊಯ್ದು ಜೋಡಿಸುವ ಹುಡುಗರಿಗೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಮೂಗಿಗೆ ಟವೆಲ್ ಸುತ್ತಿ, ಸಿಂಕಿನ ತೂತನ್ನು ಒಣಕಲ್ಲಿನಲ್ಲೇ ಕೊಯ್ಯುವವರು ಅವರು. ಟವೆಲ್ ಆ ದೂಳನ್ನು ತಡೆಯುವುದಿಲ್ಲ. ಕಾರ್ಖಾನೆಯಲ್ಲಿ ನೀರು ಹರಿಸುತ್ತ ಕೊಯ್ದರೆ ದೂಳು ಬಹುಪಾಲು ಕೆಸರಾಗಿ ಇಳಿಯುತ್ತದೆ. ಸಿಂಕಿನ ತೂತು, ಒಲೆಯ ತೂತು, ನಲ್ಲಿಯ ತೂತು, ಅಂಚು ಉರುಟು ಮಾಡುವುದು, ಎಲ್ಲವನ್ನೂ ಅಲ್ಲೇ ಮುಗಿಸಿ ತರಬಹುದು. ಅದಕ್ಕೆ ಕಲ್ಲು ಹೊರಡುವ ಮೊದಲೇ ಅಳತೆ ಕೈಯಲ್ಲಿರಬೇಕು: ಸಿಂಕ್ ಕೊಂಡಾಗಿರಬೇಕು, ಒಲೆ ಯಾವುದೆಂದು ನಿಶ್ಚಯವಾಗಿರಬೇಕು, ಒಗೆಯುವ ಯಂತ್ರದ ಎತ್ತರ ಅಳೆದಾಗಿರಬೇಕು. ನಲ್ಲಿ ಎರಡಿಂಚು ಈಚೆ ಬರಲಿ ಎಂದು ಗೃಹಪ್ರವೇಶದ ಹಿಂದಿನ ದಿನ ಹೊಳೆದರೆ ಕಟ್ಟರ್ ಬಾಲ್ಕನಿಗೇ ಬರುತ್ತದೆ.